ಇಲಿಯ ಸಂಸಾರ, ಮಿದುಳಿನ ರಸಾಯನ

ಅಮೆರಿಕದ ಇಲಿನಾಯ್ ರಾಜ್ಯದ ಹುಲ್ಲುಗಾವಲುಗಳಲ್ಲಿ 1972ರಿಂದ ಲೋವೆಲ್ ಗೆಟ್ಜ್ ಎಂಬ ವಿಜ್ಞಾನಿ ಇಲಿ ಎಣಿಸುತ್ತಿದ್ದರು. ಒಡೆದ ಮೆಕ್ಕೆಜೋಳ ಹಾಕಿ ಬೋನಿಡುವುದು, ಬಿದ್ದ ಇಲಿಗೆ ಗುರುತು ಹಾಕಿ ಬಿಡುವುದು, ಮುಂದಿನ ತಿಂಗಳು ಮತ್ತೆ ಬೋನಿಡುವುದು. ಈ ಕೆಲಸ 25 ವರ್ಷ ನಡೆಯಿತು. ಕೆಲವು ವರ್ಷ ಹೊಲದ ತುಂಬ ಓಡಾಡುವ ಇಲಿಗಳು ಮತ್ತೆ ಕೆಲವು ವರ್ಷ ಹುಡುಕಿದರೂ ಸಿಗುವುದಿಲ್ಲವೇಕೆ ಎನ್ನುವುದಷ್ಟೇ ಅವರ ಪ್ರಶ್ನೆಯಾಗಿತ್ತು. ಇಲಿಗಳ ಸಂಸಾರ ಕಟ್ಟಿಕೊಂಡು ಅವರಿಗೇನೂ ಆಗಬೇಕಿರಲಿಲ್ಲ.

ಆದರೆ ಬೋನುಗಳು ಬೇರೆಯದನ್ನೇ ಹೇಳತೊಡಗಿದವು. ಮೆಡೋ ವೋಲ್ ಎಂಬ ಜಾತಿಯ ಇಲಿ ಸಾಮಾನ್ಯವಾಗಿ ಒಂಟಿಯಾಗಿ ಬೀಳುತ್ತಿತ್ತು. ಅದೇ ಸೀಮೆಯ ಪ್ರೇರಿ ವೋಲ್ ಮಾತ್ರ ಪದೇ ಪದೇ ಜೋಡಿಯಾಗಿ ಬೀಳುತ್ತಿತ್ತು, ಒಂದು ಗಂಡು, ಒಂದು ಹೆಣ್ಣು. ಗುರುತು ನೋಡಿದರೆ ಕಳೆದ ಸಲ ಒಟ್ಟಿಗೆ ಬಿದ್ದ ಜೋಡಿಯೇ ಈ ಸಲವೂ! ಬೆನ್ನು ಹತ್ತಿ ಹೋದಾಗ ಅವು ಒಂದೇ ಗೂಡಿನಲ್ಲಿ ವಾಸ ಮಾಡಿ, ಇಬ್ಬರೂ ಸೇರಿ ಮರಿ ಸಾಕುವುದು ತಿಳಿಯಿತು. ಸ್ತನಿಗಳಲ್ಲಿ ಹೀಗೆ ಜೋಡಿಯಾಗಿ ಬಾಳುವ ಜಾತಿಗಳು ಶೇ 10ಕ್ಕೂ ಕಡಿಮೆ. ಕಂದು ಬಣ್ಣ, ಮೋಟು ಬಾಲ, 40 ಗ್ರಾಂ ಆಸುಪಾಸಿನ ತೂಕದ ಈ ಪ್ರಾಣಿ ಆ ಪಟ್ಟಿಗೆ ಸೇರುತ್ತದೆಂದು ಯಾರೂ ಎಣಿಸಿರಲಿಲ್ಲ.

ಗೆಟ್ಜ್ ಈ ಸಂಗತಿಯನ್ನು ಹಾರ್ಮೋನುಗಳ ಅಧ್ಯಯನ ಮಾಡುತ್ತಿದ್ದ ಸ್ಯೂ ಕಾರ್ಟರ್ ಅವರ ಮುಂದಿಟ್ಟರು. ಹೊಲದ ಇಲಿ ಪ್ರಯೋಗಶಾಲೆಗೆ ಬಂತು. ಅಲ್ಲಿ ಕಂಡ ಮೊದಲ ವಿಚಿತ್ರ ಹೆಣ್ಣಿನದು. ತವರಿನಲ್ಲಿ ಇರುವಷ್ಟು ದಿನ ಪ್ರೇರಿ ವೋಲ್ ಹೆಣ್ಣು ಬೆದೆಗೆ ಬರುವುದೇ ಇಲ್ಲ. ಹೊರಗಿನ ಗಂಡೊಂದರ ಮೂತ್ರದ ವಾಸನೆ ಮೂಗಿಗೆ ತಾಗಿದ ಮೇಲೆಯೇ ಅದರ ಮೈಯಲ್ಲಿ ಹಾರ್ಮೋನುಗಳು ಏಳುತ್ತವೆ. ಆಮೇಲೆ ಕೂಡುವುದು ಒಂದು ದಿನ ದಾಟಿಯೂ ನಡೆಯಬಹುದು. ಬರೀ ಮರಿಯಾಗಲಿಕ್ಕೆ ಅಷ್ಟು ಹೊತ್ತು ಬೇಡ. ಹಾಗಾದರೆ ಆ ಹೊತ್ತಿನಲ್ಲಿ ಮಿದುಳಿನಲ್ಲಿ ಇನ್ನೇನೋ ನಡೆಯುತ್ತಿರಬೇಕು ಎಂದು ಕಾರ್ಟರ್ ಊಹಿಸಿದರು.

ಇದನ್ನು ಅಳೆಯುವ ಪರೀಕ್ಷೆ ತೀರಾ ಸರಳ. ಒಂದಕ್ಕೊಂದು ಸೇರಿದ ಮೂರು ಗೂಡು. ಒಂದು ಬದಿಯಲ್ಲಿ ಹಳೆಯ ಸಂಗಾತಿ, ಇನ್ನೊಂದು ಬದಿಯಲ್ಲಿ ಅಪರಿಚಿತ ಇಲಿ, ಎರಡಕ್ಕೂ ಕೊರಳಿಗೆ ದಾರ. ನಡುವಿನ ಇಲಿಗೆ ದಾರವಿಲ್ಲ, ಎತ್ತ ಬೇಕಾದರೂ ಹೋಗಬಹುದು. ಮೂರು ಗಂಟೆ ಕಾದು, ಅದು ಯಾರಿಗೆ ಮೈ ಒತ್ತಿಕೊಂಡು ಎಷ್ಟು ಹೊತ್ತು ಕೂತಿತು ಎಂದು ಲೆಕ್ಕ ಹಾಕುತ್ತಾರೆ. ಪ್ರೇರಿ ವೋಲ್ ಹೊಸಬರನ್ನು ಮೂಸಿ ನೋಡಿ ಬಂದು ಹಳೆಯ ಸಂಗಾತಿಯ ಪಕ್ಕ ಮುದುಡಿಕೊಳ್ಳುತ್ತದೆ. ಮೆಡೋ ವೋಲ್‌ಗೆ ಇಬ್ಬರೂ ಅಷ್ಟಕ್ಕಷ್ಟೆ. ಅದು ಹೆಚ್ಚು ಹೊತ್ತು ಒಂಟಿಯಾಗಿಯೇ ಕಳೆಯುತ್ತದೆ.

1990ರ ದಶಕದಲ್ಲಿ ಕಾರ್ಟರ್, ಥಾಮಸ್ ಇನ್ಸೆಲ್ ಮತ್ತು ಜೊತೆಗಾರರು ಎರಡು ರಾಸಾಯನಿಕಗಳನ್ನು ಹಿಡಿದರು. ಕೂಡಲು ಬಿಡದೆ ಹೆಣ್ಣಿನ ಮಿದುಳಿಗೆ ಆಕ್ಸಿಟೋಸಿನ್ ಹನಿಸಿದರೂ ಅದು ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಗಂಡಿಗೇ ಅಂಟಿಕೊಂಡಿತು. ಗಂಡಿನಲ್ಲಿ ಇದೇ ಕೆಲಸ ಮಾಡಿದ್ದು ವ್ಯಾಸೊಪ್ರೆಸಿನ್. ಸಂಗಾತಿಯ ಮೇಲೆ ಒಲವು, ಗೂಡಿನ ಹತ್ತಿರ ಬಂದ ಹೊಸಬರ ಮೇಲೆ ಹಲ್ಲು ಕಿರಿದು ದಾಳಿ, ಎರಡಕ್ಕೂ ಅದೇ ಕಾರಣ. ಎರಡೂ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಅಣುಗಳು. ಎರಡೇ ಎರಡು ಅಮೈನೋ ಆಮ್ಲಗಳಲ್ಲಿ ಅವು ಬೇರೆ.

ಆಕ್ಸಿಟೋಸಿನ್ ನಮಗೇನೂ ಹೊಸದಲ್ಲ. ಹೆರಿಗೆ ವಾರ್ಡಿನಲ್ಲಿ ಅದರ ಇಂಜೆಕ್ಷನ್ ಇರುತ್ತದೆ. ಕೊಟ್ಟಿಗೆಯಲ್ಲಿ ಕರು ಬಾಯಿ ಹಾಕಿದೊಡನೆ ಹಸುವಿನ ಕೆಚ್ಚಲಿಗೆ ಹಾಲು ಇಳಿಸುವುದೂ ಅದೇ. ಕರುವಿನ ಹಂಗಿಲ್ಲದೆ ಹಾಲು ಇಳಿಸಲು ಸೂಜಿ ಚುಚ್ಚುವ ಕೆಟ್ಟ ಚಾಳಿ ಹಬ್ಬಿದ್ದರಿಂದ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆ ನಿಲ್ಲಿಸಿ, ಬೆಂಗಳೂರಿನ ಸಾರ್ವಜನಿಕ ಉದ್ಯಮ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ ಒಂದಕ್ಕೇ ಅದನ್ನು ತಯಾರಿಸುವ ಹೊಣೆ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ತಾಯಿಯನ್ನು ಮರಿಗೆ ಕಟ್ಟುವ ಆಕ್ಸಿಟೋಸಿನ್ನಿನ ಈ ಹಳೆಯ ಏರ್ಪಾಟನ್ನೇ ಪ್ರೇರಿ ವೋಲ್ ಗಂಡು–ಹೆಣ್ಣಿನ ನಡುವೆಯೂ ಬಳಸಿಕೊಂಡಿದೆ ಎನ್ನುವುದು ಹಲವು ವಿಜ್ಞಾನಿಗಳ ವಾದ. ಈ ವಾದದಲ್ಲಿ ಹುರುಳಿದೆ ಎಂದು ನನಗೂ ಅನಿಸುತ್ತದೆ. ಜೀವವಿಕಾಸ ಹೊಸ ಸಾಮಾನು ತರುವುದಕ್ಕಿಂತ ಇದ್ದದ್ದನ್ನೇ ಬೇರೆ ಕೆಲಸಕ್ಕೆ ಹಚ್ಚುವುದು ಹೆಚ್ಚು.

ಆದರೆ ಮೆಡೋ ವೋಲ್‌ನಲ್ಲಿಯೂ ಆಕ್ಸಿಟೋಸಿನ್ ಇದೆ, ವ್ಯಾಸೊಪ್ರೆಸಿನ್ ಕೂಡ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ‘ಪ್ರೀತಿಯ ಹಾರ್ಮೋನು’ ಎಂದು ಬರೆಯುವವರು ಬಿಟ್ಟುಬಿಡುವುದು ಈ ಪ್ರಶ್ನೆಯನ್ನೇ. ಎರಡು ಊರಿಗೂ ನೀರು ಒಂದೇ ಟ್ಯಾಂಕಿನಿಂದ ಬರುತ್ತದೆ, ನಲ್ಲಿ ಯಾವ ಬೀದಿಯಲ್ಲಿದೆ ಎನ್ನುವುದಷ್ಟೇ ಬೇರೆ. ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರುಗಳು ಪ್ರೇರಿ ವೋಲ್‌ನಲ್ಲಿ ಮಿದುಳಿನ ಸುಖದ ಹಾದಿಯಲ್ಲಿಯೇ ದಟ್ಟವಾಗಿವೆ. ಹೆಣ್ಣಿನ ಅಕ್ಯುಂಬೆನ್ಸ್ ಭಾಗದಲ್ಲಿ ಆಕ್ಸಿಟೋಸಿನ್ನಿನವು, ಗಂಡಿನ ವೆಂಟ್ರಲ್ ಪ್ಯಾಲಿಡಮ್ ಭಾಗದಲ್ಲಿ ವ್ಯಾಸೊಪ್ರೆಸಿನ್ನಿನವು. ಒಂಟಿ ಬಾಳಿನ ಜಾತಿಗಳಲ್ಲಿ ಅದೇ ಜಾಗಗಳಲ್ಲಿ ಅವು ವಿರಳ. ಅದೇ ಹಾದಿಯಲ್ಲಿ ಡೋಪಮಿನ್ ಎಂಬ ರಾಸಾಯನಿಕವೂ ಹರಿಯುತ್ತದೆ. ಕೂಡುವಾಗಿನ ಸುಖಕ್ಕೂ ಈ ನಿರ್ದಿಷ್ಟ ಇಲಿಯ ವಾಸನೆಗೂ ಗಂಟು ಬೀಳುವುದು ಅಲ್ಲಿಯೇ. ಗಂಟು ಬಿದ್ದ ಮೇಲೆ ಅದೇ ಡೋಪಮಿನ್, ಈಗ ಬೇರೊಂದು ಬಗೆಯ ರಿಸೆಪ್ಟರಿನ ಮೂಲಕ, ಗಂಡನ್ನು ಪರಹೆಣ್ಣಿನ ಮೇಲೆ ಎರಗುವಂತೆ ಮಾಡುತ್ತದೆ.

2004ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಯಂಗ್ ಮತ್ತು ಮಿರಾಂಡಾ ಲಿಮ್ ತಂಡ ಒಂದು ಕೈ ನೋಡಿಯೇಬಿಟ್ಟಿತು. ಪ್ರೇರಿ ವೋಲ್‌ನ ವ್ಯಾಸೊಪ್ರೆಸಿನ್ ರಿಸೆಪ್ಟರ್ ಜೀನನ್ನು ವೈರಸ್ ಒಂದರ ಬೆನ್ನೇರಿಸಿ ಮೆಡೋ ವೋಲ್ ಗಂಡಿನ ಮಿದುಳಿನ ವೆಂಟ್ರಲ್ ಪ್ಯಾಲಿಡಮ್ ಭಾಗಕ್ಕೇ ಕಳಿಸಿದರು. ಹಿಂದೆ ಯಾರನ್ನೂ ಹಚ್ಚಿಕೊಳ್ಳದ ಗಂಡು ಮೂರು ಗೂಡಿನ ಪರೀಕ್ಷೆಯಲ್ಲಿ ತನ್ನ ಹೆಣ್ಣಿನ ಪಕ್ಕ ಹೋಗಿ ಕೂತಿತು.

ಪತ್ರಿಕೆಗಳಿಗೆ ಇನ್ನೇನು ಬೇಕು? 2008ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ಮನುಷ್ಯರ ಅದೇ ಜೀನಿನತ್ತ ಬೆರಳು ತೋರಿದಾಗ ‘ನಿಷ್ಠೆಯ ಜೀನ್’ ಎಂಬ ಮಾತು ಎಲ್ಲೆಡೆ ಹರಿದಾಡಿತು. ಆ ಜೀನಿನ ಪಕ್ಕದ ಡಿಎನ್‌ಎ ತುಣುಕಿನ ಒಂದು ರೂಪದ ಎರಡು ಪ್ರತಿ ಹೊತ್ತ ಗಂಡಸರಲ್ಲಿ ಶೇ 34 ಮಂದಿ ಹಿಂದಿನ ವರ್ಷ ದಾಂಪತ್ಯ ಮುರಿಯುವ ಹಂತ ಮುಟ್ಟಿದ್ದರು, ಅದು ಇಲ್ಲದವರಲ್ಲಿ ಶೇ 15. ಅಂತರ ದೊಡ್ಡದೇ, ಒಪ್ಪೋಣ. ಆದರೆ ಎರಡು ಪ್ರತಿ ಇಟ್ಟುಕೊಂಡೂ ಶೇ 66 ಮಂದಿಯ ಸಂಸಾರ ಆ ವರ್ಷ ಸುಸೂತ್ರವಾಗಿಯೇ ನಡೆದಿತ್ತು. ಜಾತಕದ ಜೊತೆ ಜೀನನ್ನೂ ಕೂಡಿಸಿ ನೋಡುವ ಕಾಲ ಬಂತೆಂದು ಹೆದರಬೇಕಿಲ್ಲ.

ಇಲಿಗಳೂ ನಾವು ಹೊಗಳಿದಷ್ಟು ಏಕಪತ್ನೀವ್ರತಸ್ಥರಲ್ಲ. ಮರಿಗಳ ಡಿಎನ್‌ಎ ನೋಡಿದರೆ ಕೆಲವಕ್ಕೆ ತಂದೆ ಪಕ್ಕದ ಗೂಡಿನವನು. ಗೂಡು ಕಟ್ಟದೆ ಅಲೆಯುತ್ತಲೇ ಕಾಲ ಕಳೆಯುವ ಗಂಡುಗಳೂ ಇವೆ. 2015ರ ಅಧ್ಯಯನವೊಂದರ ಪ್ರಕಾರ, ಮನೆಯಲ್ಲೇ ನಿಲ್ಲುವ ಮತ್ತು ಆಚೀಚೆ ಸುತ್ತುವ ಗಂಡುಗಳ ನಡುವಿನ ವ್ಯತ್ಯಾಸ ಸುಖದ ಹಾದಿಯಲ್ಲಿ ಕಾಣಲಿಲ್ಲ. ಕಂಡದ್ದು ಜಾಗಗಳ ನೆನಪು ಇಟ್ಟುಕೊಳ್ಳುವ ಮಿದುಳಿನ ಭಾಗದಲ್ಲಿನ ವ್ಯಾಸೊಪ್ರೆಸಿನ್ ರಿಸೆಪ್ಟರುಗಳಲ್ಲಿ. ನೆರೆಯ ಗಂಡು ತನ್ನನ್ನು ಎಲ್ಲಿ ಅಟ್ಟಿಸಿಕೊಂಡು ಬಂದಿತ್ತು ಎಂಬುದು ನೆನಪಿರುವವನು ಮತ್ತೆ ಅತ್ತ ಸುಳಿಯುವುದಿಲ್ಲವೇನೋ.

ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ಕ್ಯಾಲಿಫೋರ್ನಿಯಾದ ದೇವಾನಂದ್ ಮನೋಲಿ ಮತ್ತು ನಿರಾವ್ ಶಾ ಅವರ ತಂಡಗಳು ಜೀನು ತಿದ್ದುವ ಕ್ರಿಸ್ಪರ್ ತಂತ್ರದಿಂದ ಆಕ್ಸಿಟೋಸಿನ್ ರಿಸೆಪ್ಟರೇ ಇಲ್ಲದ ಪ್ರೇರಿ ವೋಲ್‌ಗಳನ್ನು ಹುಟ್ಟಿಸಿದವು. ಮೂವತ್ತು ವರ್ಷದ ಲೆಕ್ಕದಂತೆ ಅವು ಜೋಡಿಯಾಗಬಾರದಿತ್ತು. ಆದವು. ಗಂಡೂ ಆಯಿತು, ಹೆಣ್ಣೂ ಆಯಿತು. ಹೆಣ್ಣುಗಳು ಮರಿ ಹಾಕಿದವು, ಹಾಲೂ ಕೊಟ್ಟವು. ಹಾಲು ಬಿಡುವ ಹೊತ್ತಿಗೆ ಆ ಮರಿಗಳು ತೂಕದಲ್ಲಿ ಕಡಿಮೆಯಿದ್ದವು.

ಹಾಗೆಂದು ಹಳೆಯ ಪ್ರಯೋಗಗಳು ಸುಳ್ಳಾಗಲಿಲ್ಲ. ಬೆಳೆದ ಇಲಿಯಲ್ಲಿ ಔಷಧ ಹಾಕಿ ಆಕ್ಸಿಟೋಸಿನ್ನಿಗೆ ತಡೆ ಒಡ್ಡುವುದು ಒಂದು, ಹುಟ್ಟುವ ಮೊದಲೇ ರಿಸೆಪ್ಟರ್ ಇಲ್ಲದಂತೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಬೆಳೆಯುವ ಮಿದುಳು ಬೇರೆ ದಾರಿ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಬರ್ಕ್ಲಿಯಲ್ಲಿ ಅನಲೀಸ್ ಬೀರಿ ಅವರ ತಂಡ ಇದೇ ಬಗೆಯ ಹೆಣ್ಣು ಇಲಿಗಳ ಗೆಳೆತನವನ್ನು ನೋಡಿದಾಗ ಕೊರತೆ ಎಲ್ಲಿದೆ ಎನ್ನುವುದು ಸ್ವಲ್ಪ ತಿಳಿಯಾಯಿತು. ಈ ಇಲಿಗಳಿಗೆ ಒಬ್ಬ ಗೆಳತಿಯನ್ನು ಹಚ್ಚಿಕೊಳ್ಳಲು ಹೆಚ್ಚು ದಿನ ಹಿಡಿಯಿತು. ಹಲವು ಇಲಿಗಳ ನಡುವೆ ಬಿಟ್ಟರೆ ತನ್ನವಳು ಯಾರು, ಹೊರಗಿನವಳು ಯಾರು ಎಂಬ ಭೇದವೇ ಅವುಗಳಿಗೆ ಉಳಿಯಲಿಲ್ಲ. ಅಪರಿಚಿತರನ್ನು ಕಚ್ಚಿ ಓಡಿಸುವ ಹುರುಪೂ ಕುಗ್ಗಿತ್ತು.