ಮಗುವಿನ ಓದಿಗೊಂದು ಎಡೆ

ಗೃಹಸ್ಥರ ಮನೆಗಳಲ್ಲಿ ದೇವರಿಗೆ ಗೂಡುಂಟು, ಧಾನ್ಯಕ್ಕೆ ಕಣಜವುಂಟು, ಬಂದ ನಂಟರಿಗೆ ಜಗಲಿಯುಂಟು. ಶಾಲೆಯಿಂದ ಮರಳಿದ ಮಗುವು ಪುಸ್ತಕ ಬಿಚ್ಚುವುದಕ್ಕೆ ಮಾತ್ರ ಗೊತ್ತಾದ ಎಡೆಯಿರುವುದಿಲ್ಲ. ಚಿತ್ರದುರ್ಗದ ಸುತ್ತಣ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉಪಾಧ್ಯಾಯರಾಗಿದ್ದು ಈಗ ನಿವೃತ್ತರಾಗಿರುವ ನಾವು, ಈ ವಿಷಯವಾಗಿ ಎರಡು ಮಾತುಗಳನ್ನು ವಾಚಕ ಮಹಾಶಯರಲ್ಲಿ ಬಿನ್ನವಿಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ನಾವು ವೃತ್ತಿಗೆ ಸೇರಿದ ಹೊಸತರಲ್ಲಿ, ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ, ಬಾಲಕನೊಬ್ಬನು ದಿನವೂ ಲೆಕ್ಕಗಳನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದನು. ಅಕ್ಷರಗಳು ಸಾಲು ತಪ್ಪಿರುತ್ತಿದ್ದುವು; ಹಾಳೆಗಳ ಮೇಲೆ ಸೀಮೆಯೆಣ್ಣೆಯ ಕಲೆಗಳು. ಸೋಮಾರಿಯೆಂದು ಬಗೆದು ಅವನ ಅಂಗೈಗೆ ಬೆತ್ತದಿಂದ ಹೊಡೆದೆವು. ಕೆಲವು ದಿನಗಳ ಮೇಲೆ ಒಂದು ಸಂಜೆ ಅವನ ಮನೆಗೆ ಹೋಗಬೇಕಾಗಿ ಬಂದಿತು. ಒಂದೇ ಅಂಕಣದ ಮಾಳಿಗೆಮನೆ; ಇದ್ದ ಒಂದು ಬುಡ್ಡಿದೀಪ ತಾಯಿಯ ಒಲೆಯ ಬಳಿ. ಬಾಲಕನು ಹೊಸ್ತಿಲಲ್ಲಿ ಕುಳಿತು, ತನ್ನ ನೆರಳೇ ಪುಸ್ತಕದ ಮೇಲೆ ಬೀಳುತ್ತಿರಲು, ಕಣ್ಣು ಕಿರಿದುಮಾಡಿ ಬರೆಯುತ್ತಿದ್ದನು. ನಮ್ಮನ್ನು ಕಂಡೊಡನೆ ಎದ್ದು, ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡನು.

“ಅಡಿಗೆ ಆದ ಮೇಲೆ ದೀಪ ಅವನಿಗೇ ಕೊಡ್ತೀನಿ ಮೇಷ್ಟ್ರೇ, ಅಷ್ಟರಲ್ಲಿ ನಿದ್ದೆ ಹೋಗಿರ್ತಾನೆ” ಎಂದಳು ಆ ತಾಯಿ. ಅಂದು ಕುಳಿತು ಮಾತನಾಡಿದುದರ ಫಲವಾಗಿ, ಮುದ್ದೆ ಬೇಯಿಸುವ ಕೆಲಸವು ಕತ್ತಲೆಗೆ ಮುಂಚೆ ಮುಗಿಯುವಂತಾಯಿತು. ದೀಪವು ಒಂದು ಗಂಟೆಯ ಕಾಲ ಬಾಲಕನದಾಯಿತು. ಮನೆಗೆ ಹೊಸ ಸಾಮಾನೊಂದೂ ಬರಲಿಲ್ಲ. ಆದರೂ ತಿಂಗಳೊಳಗೆ ಅಕ್ಷರಗಳು ಸಾಲಿಗೆ ಬಂದುವು.

ಓದುವ ಎಡೆಯೆಂದರೆ ಮೇಜುಕುರ್ಚಿಗಳಲ್ಲ. ಇಷ್ಟು ಜಾಗವೂ ಇಷ್ಟು ಹೊತ್ತೂ ಮಗುವಿನದೆಂದು ಮನೆಯವರೆಲ್ಲರೂ ಮಾಡಿಕೊಂಡ ಕಟ್ಟುಪಾಡು ಎಂಬುದನ್ನು ನಾವು ಅಂದು ಕಲಿತೆವು.

ಒಂದು ಚಾಪೆಯಗಲದ ಜಾಗ ಸಾಕು. ಅದು ಬಾಗಿಲ ಓಡಾಟಕ್ಕೆ ದೂರವಾಗಿರಲಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದಲೂ, ಎಡಗೈಯವರಿಗೆ ಬಲದಿಂದಲೂ ಬರಬೇಕು. ಇಲ್ಲವಾದರೆ ಕೈಯ ನೆರಳು ಅಕ್ಷರವನ್ನು ಮುಚ್ಚುವುದು. ಹಳೆಯ ಮಾಳಿಗೆಮನೆಗಳಲ್ಲಿ ಹಗಲಿನ ಓದಿಗೆ ಗವಾಕ್ಷಿಯ ಕೆಳಗಣ ಜಾಗವೇ ಲೇಸು. ನೆಲದ ಮೇಲೆ ಕುಳಿತು ಬರೆಯುವಾಗ ಮುಂದೊಂದು ಇಳಿಜಾರಾದ ಮಣೆಯಿದ್ದರೆ ಬೆನ್ನು ಬಾಗದು. ಕುರ್ಚಿಯಾದರೆ ಪಾದಗಳು ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಮಣೆಯನ್ನಿಡುವುದು. ಕಣ್ಣಿಗೂ ಪುಸ್ತಕಕ್ಕೂ ಒಂದು ಅಡಿಯಷ್ಟು ಅಂತರವಿರಲಿ.

ಹೊಳಲ್ಕೆರೆಯ ಕಡೆ ಅಡಿಕೆಯೂ, ಹಿರಿಯೂರಿನ ಕಡೆ ಶೇಂಗಾ, ಈರುಳ್ಳಿಗಳೂ ಮನೆಗೆ ಬರುವ ಕಾಲದಲ್ಲಿ ಪಡಸಾಲೆಯೆಲ್ಲ ರಾಶಿಯಾಗುತ್ತದೆ. ಮೊದಲು ಮಾಯವಾಗುವುದು ಮಗುವಿನ ಮೂಲೆಯೇ. ಆ ಚಾಪೆಯೊಂದನ್ನು ಬಿಟ್ಟು ಉಳಿದೆಡೆ ರಾಶಿ ಹಾಕಿರೆಂದು ನಮ್ಮ ಬೇಡಿಕೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲೇ ಪಾಠಶಾಲೆಯಾದುದು ನಿಜ. ಶಾಲೆಗಳು ತೆರೆದ ಮೇಲೂ ಅದು ಪುಸ್ತಕದ ಮಗ್ಗುಲನ್ನು ಬಿಟ್ಟಿಲ್ಲ. ಬರೆಯುವ ಹೊತ್ತಿನಲ್ಲಿ ಟೀವಿ ಆರಿರಲಿ, ಹಿರಿಯರ ಮೊಬೈಲೂ ಒಳಮನೆಯಲ್ಲಿರಲಿ. ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’, ಅಂದರೆ ಸಮೀಪದಲ್ಲಿ ವಾಸಿಸುವವನು, ಎಂದು ಹೆಸರು. ಓದುಬರೆಹ ಬಾರದ ಅಜ್ಜಿಯಾದರೂ ಹತ್ತಿರ ಕುಳಿತು ಹೂ ಕಟ್ಟುತ್ತಿದ್ದರೆ ಮಗುವಿನ ಮನಸ್ಸು ನೆಲೆಗೊಳ್ಳುವುದು.

ಹೊತ್ತಿಗೂ ಮಿತಿ ಬೇಕು. ಕೇಂದ್ರ ಸರ್ಕಾರದ 2020ರ ಶಾಲಾಚೀಲದ ನೀತಿಯು 2ನೆಯ ತರಗತಿಯವರೆಗೆ ಮನೆಯಲ್ಲಿ ಮಾಡುವ ಪಾಠವೇ ಕೂಡದೆಂದೂ, 3ರಿಂದ 5ರವರೆಗೆ ವಾರಕ್ಕೆ 2 ಗಂಟೆ, 6ರಿಂದ 8ರವರೆಗೆ ದಿನಕ್ಕೆ 1 ಗಂಟೆ, ಅದಕ್ಕೆ ಮೇಲಿನ ತರಗತಿಗಳಿಗೆ ದಿನಕ್ಕೆ 2 ಗಂಟೆ ಮೀರಬಾರದೆಂದೂ ಹೇಳುತ್ತದೆ. ಉಳಿದ ಹೊತ್ತು ಬಯಲಿನ ಆಟಕ್ಕೆ ಸಲ್ಲಲಿ; ಹೊರಗಿನ ಬೆಳಕು ಎಳೆಯ ಕಣ್ಣುಗಳಿಗೆ ಹಿತವೆಂದು ವೈದ್ಯರೂ ಹೇಳುತ್ತಾರೆ.

ಚಾಪೆಯಗಲದ ಜಾಗವೂ ಇಲ್ಲದ ಮನೆಗಳುಂಟು. ಅಂಥವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಹೆಸರಿನಂತೆ ಅರಿವು ಕೇಂದ್ರಕ್ಕೆ, ಮಕ್ಕಳನ್ನು ಕಳುಹಿಸಬಹುದು. 2020ರ ನವೆಂಬರಿನಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮವು ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಸದಸ್ಯತ್ವವನ್ನು ಒದಗಿಸಿತು.

ಗೃಹಸ್ಥರು ಇಂದು ಸಂಜೆಯೇ ಮಗುವನ್ನು ಕರೆದು, “ನಿನ್ನ ಜಾಗ ಯಾವುದು, ತೋರಿಸು” ಎಂದು ಕೇಳಿ ನೋಡಬೇಕು. ಮಗುವು ತಟ್ಟನೆ ಬೆರಳು ಮಾಡಿ ತೋರಿಸಿದರೆ ಸಂತೋಷ. ತೋರಿಸದೆ ನಿಂತರೆ, ಅದರ ಪುಸ್ತಕದ ಕೊರೆಗಾಗಿ ಅದನ್ನು ಗದರಿಸುವುದಕ್ಕೆ ಮುಂಚೆ ಮನೆಯನ್ನೊಮ್ಮೆ ನೋಡಬೇಕು. ನಾವು ಹಾಗೆ ನೋಡದೆ ಕೊಟ್ಟ ಏಟನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯ ನಮಗೆ ಇಂದಿಗೂ ತಿಳಿದಿಲ್ಲ.