ವೀರನ ನೀಲಿ ಹೊಗೆ

ಕಥೆ, ಕವಿತೆ ಬರುವ ಜಾಗದಲ್ಲಿ ಗ್ರೀಸು ಮೆತ್ತಿದ ಬರಹವೇ ಎಂದು ಹುಬ್ಬೇರಿಸಬೇಡಿ. ನಿಲಾಯ್‌ನಲ್ಲಿರುವ ನಮಗೆ ಕಾರಿಲ್ಲದಿದ್ದರೆ ಬಳಗದ ಸಭೆಯೂ ಇಲ್ಲ. ನಮ್ಮದೋ ಹಳೆಯ ಪ್ರೋಟಾನ್ ವೀರಾ. 1993ರಿಂದ 2009ರವರೆಗೆ ತಯಾರಾದ ಈ ಕಾರಿನ ಹೆಸರು ನಮ್ಮ 'ವೀರ'ನೇ. ಸಂಸ್ಕೃತದಿಂದ ಮಲಯ ಭಾಷೆಗೆ ವಲಸೆ ಹೋದವನು. ವೀರನಿಗೂ ವಯಸ್ಸಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ನಡುಕ, ಸೈಲೆನ್ಸರಿನಲ್ಲಿ ನೀಲಿ ಹೊಗೆ, ವಾರವಾರಕ್ಕೂ ಇಳಿಯುವ ಆಯಿಲ್. "ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂಬ ತೀರ್ಪು ಬಂದೇಬಿಡುತ್ತದೆ. ಕಾರಿನ ಬೆಲೆಯನ್ನೇ ನುಂಗಬಲ್ಲ ಆ ಖರ್ಚಿಗೆ ಒಪ್ಪುವ ಮೊದಲು ಹೆಬ್ಬೆರಳ ಗಾತ್ರದ ಒಂದು ಭಾಗವನ್ನು ನೋಡಲೇಬೇಕು. ಅದೇ ಪಿಸಿವಿ ವಾಲ್ವ್.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವಾಗ ಸ್ವಲ್ಪ ಅನಿಲ ರಿಂಗುಗಳ ಸಂದಿಯಿಂದ ಜಾರಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಅದರಲ್ಲಿ ಉರಿಯದ ಪೆಟ್ರೋಲೂ ನೀರಿನ ಆವಿಯೂ ಇರುತ್ತವೆ. ಹಿಂದಿನ ಕಾರುಗಳಲ್ಲಿ ಅದನ್ನು ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳ ಇಂಥ ಅನಿಲ ಬಿಸಿಲಿನಲ್ಲಿ ಬೆರೆಯುವುದೂ ಕಾರಣವೆಂದು 1950ರ ದಶಕದಲ್ಲಿ ವಿಜ್ಞಾನಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯಾ ಈ ವಾಲ್ವಿಗೆ ನಿಯಮ ಮಾಡಿತು. ಆ ಅನಿಲವನ್ನು ಎಂಜಿನ್ನೇ ಮತ್ತೆ ಎಳೆದುಕೊಂಡು ಉರಿಸುವಂತೆ ಮಾಡುವುದು, ಅದೂ ಅಳತೆಯಿಟ್ಟು, ಇದರ ಕೆಲಸ.

ಕೆಡುವುದು ಎರಡು ಬಗೆ. ಕಿಟ್ಟ ಕಟ್ಟಿ ಮುಚ್ಚಿಕೊಂಡರೆ ಒತ್ತಡ ಏರುತ್ತದೆ. ಕುಕ್ಕರಿನ ವಿಷಲ್ ಕಟ್ಟಿದಾಗ ಗ್ಯಾಸ್ಕೆಟ್ ಅಂಚಿನಿಂದ ಗಂಜಿ ಉಕ್ಕುವಂತೆ ಟ್ಯಾಪೆಟ್ ಕವರಿನ ಅಂಚಿನಿಂದ ಆಯಿಲ್ ಜಿನುಗುತ್ತದೆ, ಏರ್ ಫಿಲ್ಟರ್ ಡಬ್ಬಿಯೊಳಗೂ ಎಣ್ಣೆ ಸೇರುತ್ತದೆ. ತೆರೆದೇ ಉಳಿದರೆ ಎಂಜಿನ್ ಬೇಡದ ಗಾಳಿ ಎಳೆದು ನಡುಗುತ್ತದೆ. ಜೊತೆಗೆ ಆಯಿಲ್ ಹನಿಗಳನ್ನೂ ಎಳೆದುಕೊಂಡು ನೀಲಿ ಹೊಗೆ ಬಿಡುತ್ತದೆ. ಇಲ್ಲಿಯ ಮೆಕ್ಯಾನಿಕ್‌ಗಳು ಎಂಜಿನ್ ಆಯಿಲಿಗೆ 'ಮಿನ್ಯಾಕ್ ಹಿತಾಮ್', ಅಂದರೆ ಕರಿ ಎಣ್ಣೆ ಎನ್ನುತ್ತಾರೆ. ಹಳೆಯ ಕಾರಿನ ವಿಷಯದಲ್ಲಂತೂ ಅನ್ವರ್ಥನಾಮ.

ಪರೀಕ್ಷೆಗೆ ಉಪಕರಣ ಬೇಡ. ವೀರಾದಲ್ಲಿ ಈ ವಾಲ್ವ್ ಟ್ಯಾಪೆಟ್ ಕವರಿನಲ್ಲಿದ್ದು, ಅಲ್ಲಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ರಬ್ಬರ್ ಟ್ಯೂಬ್ ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ವಾಲ್ವನ್ನು ಕವರಿನಿಂದ ಬಿಡಿಸಿ, ಟ್ಯೂಬಿಗೆ ಮಾತ್ರ ಮತ್ತೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ. ಫ್ಯಾನು, ಬೆಲ್ಟಿನಿಂದ ಕೈ ದೂರವಿಟ್ಟು, ವಾಲ್ವಿನ ತೆರೆದ ಬಾಯಿಗೆ ಬೆರಳಿಡಿ. ಎಳೆತ ತಿಳಿಯಬೇಕು. ತಿಳಿಯದಿದ್ದರೆ ವಾಲ್ವೋ ಟ್ಯೂಬೋ ಕಟ್ಟಿದೆ. ಬೆರಳಿಟ್ಟ ಕ್ಷಣವೇ ಎಂಜಿನ್ನಿನ ನಡುಕ ಪೂರ್ತಿ ನಿಂತರೆ ವಾಲ್ವ್ ತೆರೆದೇ ಉಳಿದಿರುವ ಸಂಶಯ. ಎಂಜಿನ್ ನಿಲ್ಲಿಸಿ, ವಾಲ್ವಿನೊಳಕ್ಕೆ ಊದುಬತ್ತಿಯ ಕಡ್ಡಿ ತೂರಿಸಿ ಮೆಲ್ಲಗೆ ಒತ್ತಿದರೆ ಒಳಗಿನ ಪ್ಲಂಜರ್ ಹಿಂದೆ ಮುಂದೆ ಸರಿಯಬೇಕು. ಅಲ್ಲಾಡಿಸಿದಾಗ ಕಟಕಟ ಎಂದರೆ ಚೆನ್ನಾಗಿದೆ ಎನ್ನುವವರಿದ್ದಾರೆ. ಅದೊಂದನ್ನೇ ನಂಬುವುದು ನಮಗೆ ಸರಿಕಾಣದು. ಸ್ಪ್ರಿಂಗ್ ಸೋತ ವಾಲ್ವೂ ಕಟಕಟ ಎನ್ನುತ್ತದೆ. ಟ್ಯೂಬನ್ನೂ ಮಡಿಸಿ ನೋಡಿ, ಎಂಜಿನ್ ಕಾವಿಗೆ ರಬ್ಬರು ಹಪ್ಪಳದಂತಾಗಿ ಬಿರುಕು ಬಿಟ್ಟಿರುತ್ತದೆ.

ನಮ್ಮ ವೀರನಲ್ಲಿ ಪ್ಲಂಜರ್ ಜಿಡ್ಡಿನಲ್ಲಿ ಅಂಟಿ ತೆರೆದೇ ಕೂತಿತ್ತು. ಹೊಸ ವಾಲ್ವ್, ಗೇಣುದ್ದ ಟ್ಯೂಬ್ ಹಾಕಿದ ಮೇಲೆ ನಡುಕ ಅಂದೇ ನಿಂತಿತು. ಹೊಗೆ ಕರಗಲು ಕೆಲವು ದಿನ ಹಿಡಿಯಿತು. ನಿಮ್ಮದರಲ್ಲಿ ಹೊಗೆ ಉಳಿದರೆ ಅದು ಬರುವ ಹೊತ್ತನ್ನು ಗಮನಿಸಿ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸ್ಟೆಮ್ ಸೀಲುಗಳು ಸವೆದಿರಬಹುದು. ಏರು ಹತ್ತಿಸುವಾಗ ಬಂದರೆ ರಿಂಗುಗಳ ಮೇಲೆಯೇ ಅನುಮಾನ. ಆಗಲೂ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಂಡ ಮೇಲೆಯೇ ಎಂಜಿನ್ ಬಿಚ್ಚುವ ಮಾತಿಗೆ ಕೂಡಿ.