ದಿನದಿನದ ಆತ್ಮಸಮರ್ಪಣೆ

ಅಂಗಳವನ್ನು ನಿನ್ನೆ ಗುಡಿಸಿದ್ದಾಯಿತೆಂದು ಈ ಹೊತ್ತು ಗುಡಿಸದೆ ಬಿಡುವ ಗೃಹಿಣಿಯು ನಮ್ಮ ಕರಾವಳಿಯಲ್ಲಿ ದೊರೆಯುವುದು ಕಷ್ಟ. ರಾತ್ರಿಯ ಗಾಳಿಗೆ ಮಾವಿನ ಎಲೆಯೂ ತೆಂಗಿನ ಮಡಲೂ ಬಿದ್ದೇ ಬೀಳುವುವು. ಬೆಳಗಾದೊಡನೆ ಹಿಡಿಸೂಡಿಯ ಸದ್ದು ಕೇಳಿಯೇ ಕೇಳುವುದು. ಕೊಡದಲ್ಲಿ ಉಳಿದ ನಿನ್ನೆಯ ನೀರನ್ನು ಚೆಲ್ಲಿ ಹೊಸ ನೀರನ್ನು ತುಂಬುವುದೂ ಹಾಗೆಯೇ. ಆದರೆ ಮನಸ್ಸಿನ ವಿಷಯದಲ್ಲಿ ನಾವು ಈ ನ್ಯಾಯವನ್ನು ಅನುಸರಿಸುವುದಿಲ್ಲ. ಒಮ್ಮೆ ಜ್ಞಾನಸ್ನಾನವಾಯಿತು, ಒಮ್ಮೆ ಹರಕೆಯನ್ನು ತೀರಿಸಿದೆವು, ಇನ್ನೇನು ಉಳಿಯಿತು ಎಂದು ನೆಮ್ಮದಿಯಿಂದಿರುವವರು ಬಹುಮಂದಿ. ಕ್ರೈಸ್ತ ಜೀವನದಲ್ಲಿ ದೇವರಿಗೆ ತನ್ನನ್ನು ಒಪ್ಪಿಸಿಕೊಡುವುದು ಒಂದು ದಿನದ ಉತ್ಸವವಲ್ಲ, ದಿನದಿನದ ಕೆಲಸವು ಎಂಬುದನ್ನು ಕುರಿತು ವಾಚಕರೊಡನೆ ಕೆಲವು ಮಾತುಗಳನ್ನು ಆಡಬೇಕೆಂದು ನಮ್ಮ ಅಪೇಕ್ಷೆ.

ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದ ಮೊದಲಲ್ಲಿ ಎರಡು ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿದ್ದಾನೆ. ದೇಹವನ್ನು ಸಜೀವ ಯಜ್ಞವಾಗಿ ದೇವರಿಗೆ ಒಪ್ಪಿಸುವುದು ಒಂದು. ಲೋಕದ ಅಚ್ಚಿನಲ್ಲಿ ಎರಕವಾಗದೆ, ಮನಸ್ಸು ನವೀನವಾಗುವುದರ ಮೂಲಕ ರೂಪಾಂತರವನ್ನು ಹೊಂದುವುದು ಇನ್ನೊಂದು. ಈ ಎರಡನೆಯ ಮಾತಿನಲ್ಲಿ ಮೂಲ ಗ್ರೀಕ ಭಾಷೆಯ ಕ್ರಿಯಾಪದವು ಬಹು ವಿಚಾರಾರ್ಹವಾದುದು. ಅದು ಆಜ್ಞೆಯೂ ಹೌದು, ಕರ್ಮಣಿ ಪ್ರಯೋಗವೂ ಹೌದು. ನಿನ್ನನ್ನು ನೀನೇ ಮಾರ್ಪಡಿಸಿಕೋ ಎಂದು ಪೌಲನು ಹೇಳಲಿಲ್ಲ. ಮಾರ್ಪಡಿಸಲ್ಪಡು ಎಂದು ಆಜ್ಞಾಪಿಸಿದನು. ಕರ್ತೃವು ದೇವರು, ನಾವು ಕರ್ಮಸ್ಥಾನದಲ್ಲಿ ನಿಲ್ಲತಕ್ಕವರು. ಆದರೂ ಅಲ್ಲಿ ನಿಲ್ಲುವ ಹೊಣೆ ನಮ್ಮದು. ಅಲ್ಲದೆ ಆ ಪದವು ಒಂದು ಸಲಕ್ಕೆ ಮುಗಿಯುವ ಕ್ರಿಯೆಯನ್ನು ಹೇಳದೆ, ನಡೆಯುತ್ತಲೇ ಇರುವ ಕ್ರಿಯೆಯನ್ನು ಹೇಳುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನು ಒಳಗಣ ಮನುಷ್ಯನು ದಿನೇ ದಿನೇ ಹೊಸಬನಾಗುವನೆಂದದ್ದೂ, ಲೂಕನ ಸುವಾರ್ತೆಯಲ್ಲಿ ಕರ್ತನು ಶಿಲುಬೆಯನ್ನು ಪ್ರತಿದಿನವೂ ಹೊರಬೇಕೆಂದದ್ದೂ ಇದೇ ಅಭಿಪ್ರಾಯದಿಂದಲೇ.

ಪ್ರತಿದಿನವೂ ಯಾತಕ್ಕೆ? ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ವ್ಯವಹಾರದ ಹದಿನೆಂಟು ಪದಗಳನ್ನು ಎಣಿಸುವಾಗ ‘ನಿಕ್ಷೇಪ’ವೆಂಬುದನ್ನು ಹೇಳಿದ್ದಾರೆ. ನಂಬಿಕೆಯಿಂದ ಇನ್ನೊಬ್ಬರ ವಶಕ್ಕೆ ಇಟ್ಟ ಒಡವೆಯೇ ನಿಕ್ಷೇಪ. ಶರಣಾಗತಿಯ ಅಂಗಗಳಲ್ಲಿ ಒಂದಕ್ಕೆ ‘ಆತ್ಮನಿಕ್ಷೇಪ’ವೆಂಬ ಹೆಸರು ಬಂದುದು ಈ ಮಾತಿನಿಂದಲೇ. ಪೆಟ್ಟಿಗೆಯಲ್ಲಿಟ್ಟ ಚಿನ್ನವು ತಾನಾಗಿ ಎದ್ದು ಬರುವುದಿಲ್ಲ. ಆದರೆ ಮನಸ್ಸೆಂಬ ಒಡವೆಗೆ ಕಾಲುಂಟು. ಬೆಳಿಗ್ಗೆ ಆರು ಗಂಟೆಗೆ ದೇವರ ವಶಕ್ಕೆ ಕೊಟ್ಟ ಮನಸ್ಸನ್ನು ಒಂಬತ್ತು ಗಂಟೆಗೆ ನೆರೆಯವನ ಬೇಲಿಯ ತಗಾದೆಯು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಮಗಳ ಮದುವೆಯ ಚಿಂತೆಯು ಕಸಿದುಕೊಳ್ಳುತ್ತದೆ. ಆದಕಾರಣ ಇಟ್ಟದ್ದನ್ನು ಮತ್ತೆ ಇಡಬೇಕು, ಕೊಟ್ಟದ್ದನ್ನು ಮತ್ತೆ ಕೊಡಬೇಕು. ಇದು ಮೊದಲನೆಯ ಸಮರ್ಪಣೆಯು ಸುಳ್ಳಾಯಿತೆಂಬುದಕ್ಕೆ ಗುರುತಲ್ಲ; ಅದು ಇನ್ನೂ ಜೀವದಿಂದಿದೆ ಎಂಬುದಕ್ಕೇ ಗುರುತು.

ಹರಕೆಯ ದಿನವನ್ನು ನಾವು ಕೀಳಾಗಿ ಕಾಣುವವರಲ್ಲ. ಕಾರ್ಕಳದ ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸನ ದೇವಾಲಯವಿದೆ. ೧೭೫೯ರಲ್ಲಿ ಸ್ಥಾಪಿತವಾದ ಈ ಸಭೆಯ ದೇವಾಲಯಕ್ಕೆ ೨೦೧೬ರಲ್ಲಿ ಬಸಿಲಿಕವೆಂಬ ಪದವಿಯೂ ದೊರೆಯಿತು. ವರ್ಷಂಪ್ರತಿ ಜನವರಿ ತಿಂಗಳಲ್ಲಿ ಅಲ್ಲಿ ನಡೆಯುವ ಸಾಂತಮಾರಿಗೆ ಕ್ರೈಸ್ತರು ಮಾತ್ರವಲ್ಲದೆ ಎಲ್ಲಾ ಮತದವರೂ ಬಂದು ಮೇಣದ ಬತ್ತಿಗಳನ್ನು ಹಚ್ಚುವರು. ಆದರೆ ಅದೇ ಸಭೆಯ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ೧೭೮೪ರಲ್ಲಿ ಟೀಪು ಸುಲ್ತಾನನ ಅಪ್ಪಣೆಯಂತೆ ಕೆನರಾ ಸೀಮೆಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಉಳಿದವರು ೧೭೯೯ರಲ್ಲಿ ಮಾತ್ರವೇ ಬಿಡುಗಡೆ ಹೊಂದಿದರು. ಈ ಹದಿನೈದು ವರ್ಷಗಳಲ್ಲಿ ಊರಿನ ದೇವಾಲಯವಿಲ್ಲ, ಗಂಟೆಯ ನಾದವಿಲ್ಲ, ಜಾತ್ರೆಯಿಲ್ಲ. ಆದರೂ ಮರಳಿ ಬಂದವರು ತಮ್ಮ ಸಭೆಗಳನ್ನು ಪುನಃ ಕಟ್ಟಿಕೊಂಡರು. ಉತ್ಸವಗಳೆಲ್ಲಾ ನಿಂತುಹೋದ ಮೇಲೆಯೂ ನಿಲ್ಲದಿರುವುದು ಯಾವುದೋ ಅದೇ ಭಕ್ತಿಯ ಬೇರು. ಬತ್ತಿಯನ್ನು ಹಚ್ಚಿ ಮನೆಗೆ ಬಂದವನು ಉಳಿದ ಮುನ್ನೂರ ಅರುವತ್ತನಾಲ್ಕು ದಿನಗಳಲ್ಲಿ ಏನು ಮಾಡುತ್ತಾನೆಂಬುದೇ ಪ್ರಶ್ನೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಹೆಸರನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಈ ತರುಣರು ೧೮೪೪ರಲ್ಲಿ ಬಾಸೆಲ್ ಮಿಶನಿನವರಿಂದ ದೀಕ್ಷಾಸ್ನಾನವನ್ನು ಹೊಂದಿದಾಗ ಊರಿಗೆ ಊರೇ ಕದಡಿತು. ಚರಿತ್ರೆಕಾರರು ಆ ಒಂದು ದಿನವನ್ನೇ ವಿಸ್ತಾರವಾಗಿ ವರ್ಣಿಸುವರು. ಆದರೆ ಕೌಂಡಿನ್ಯರು ತೀರಿಕೊಂಡದ್ದು ೧೮೯೩ರಲ್ಲಿ. ನಡುವೆ ನಾಲ್ವತ್ತೊಂಬತ್ತು ವರ್ಷಗಳು! ಬಾಸೆಲ್ ಪಟ್ಟಣದಲ್ಲಿ ವ್ಯಾಸಂಗಮಾಡಿ ಮರಳಿದ ತರುವಾಯ ಬೋಧಕರಾಗಿಯೂ ಉಪಾಧ್ಯಾಯರಾಗಿಯೂ ಸದ್ದಿಲ್ಲದೆ ಸೇವೆಮಾಡಿದ ಆ ದಿನಗಳನ್ನು ಯಾರೂ ಎಣಿಸಲಿಲ್ಲ. ಸ್ನಾನವು ಒಂದೇ ದಿನದ್ದು. ಅದನ್ನು ನಿಜವಾಗಿಸಿದ್ದು ಈ ಎಣಿಸದ ದಿನಗಳು.

ನಮ್ಮ ಮನೆಗಳಲ್ಲಿ ಇದಕ್ಕೆ ಸಾಧನವಿಲ್ಲವೆಂದಲ್ಲ. ಉಡುಪಿ, ಕಾಪು, ಕಾರ್ಕಳಗಳ ಕೊಂಕಣಿ ಕಥೋಲಿಕ ಮನೆತನಗಳಲ್ಲಿ ಸಾಯಂಕಾಲ ಜಪಮಾಲೆಯು ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’ ಬೇಡುವ ಸಂಪ್ರದಾಯವಿದೆ; ಹಿರಿಯರು ಆಶೀರ್ವದಿಸುವರು. ಬಾಸೆಲ್ ಮಿಶನಿನ ಪರಂಪರೆಯ ಮನೆಗಳಲ್ಲಿ ವೇದವಾಕ್ಯವನ್ನು ಓದಿ ಕನ್ನಡ ಕೀರ್ತನೆಯನ್ನು ಹಾಡುವ ಕುಟುಂಬ ಪ್ರಾರ್ಥನೆಯುಂಟು. ಇವೆಲ್ಲಾ ಬರೀ ರೂಢಿಯಾಗಿ, ತುಟಿಯ ಮಾತಾಗಿ ಹೋಗಬಹುದೆಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಒಂದು ಸಂಗತಿಯನ್ನು ವಿಚಾರಿಸಿ ನೋಡಿರಿ. ತೋಟದ ಪಾಲಿನ ವಿಷಯದಲ್ಲಿ ತಂದೆಗೂ ಮಗನಿಗೂ ಹಗಲಲ್ಲಿ ಬಿರುಸಾದ ಮಾತುಗಳು ನಡೆದಿವೆಯೆನ್ನೋಣ. ಸಾಯಂಕಾಲದ ಜಪವಾಯಿತು. ಈಗ ಮಗನು ಬಂದು ಅದೇ ತಂದೆಯ ಮುಂದೆ ತಲೆಬಾಗಬೇಕು. ತಂದೆಯು ಅದೇ ಮಗನ ತಲೆಯ ಮೇಲೆ ಕೈಯಿಡಬೇಕು. ಒಬ್ಬನಿಗೆ ಬಾಗುವುದು ಕಷ್ಟ, ಇನ್ನೊಬ್ಬನಿಗೆ ಹರಸುವುದು ಕಷ್ಟ. ಆ ಅರೆಗಳಿಗೆಯಲ್ಲಿ ಇಬ್ಬರೂ ತಮ್ಮ ನ್ಯಾಯವನ್ನು ದೇವರ ಕೈಗೆ ಬಿಟ್ಟರೆ ಮನಸ್ಸಿನ ನವೀಕರಣವು ನಡೆಯಿತೆಂದೇ ತಿಳಿಯಬೇಕು. ಬಿಡದಿದ್ದರೆ ಕೋಪವು ಹಾಸಿಗೆಗೆ ಹೋಗಿ, ಬೆಳಗಾಗುವಾಗ ದ್ವೇಷವಾಗಿ ಏಳುವುದು. ಎಷ್ಟು ಮನೆಗಳು ಒಂದು ಗೋಡೆಯಿಂದ ಎರಡಾದುದು ಇಂಥಾ ಒಂದೊಂದು ರಾತ್ರಿಯಿಂದಲೇ!

ಕಾಪುವಿನ ಕಡಲತಡಿಯ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡದವರು ಈ ಪ್ರಾಂತದಲ್ಲಿ ವಿರಳ. ಹಗಲಲ್ಲಿ ಅದು ನೋಡುವವರಿಗೊಂದು ವಿನೋದ. ಇರುಳಲ್ಲಿ ಬೆಸ್ತರಿಗೆ ದಾರಿ. ನಿನ್ನೆ ರಾತ್ರಿ ಉರಿದ ಬೆಳಕಿನಿಂದ ಈ ರಾತ್ರಿಯ ದೋಣಿಗೆ ಪ್ರಯೋಜನವಿಲ್ಲ. ಸ್ತಂಭವು ಒಮ್ಮೆ ಕಟ್ಟಿದ್ದು. ದೀಪವಾದರೋ ಪ್ರತಿ ಸಂಜೆಯೂ ಬೆಳಗಬೇಕಾದದ್ದು. ವಿಶ್ವಾಸವು ಸ್ತಂಭವಾದರೆ ನಿತ್ಯದ ಸಮರ್ಪಣೆಯು ದೀಪವು. ಮನೆಯ ಹಿರಿಯನ ಮನಸ್ಸಿನಲ್ಲಿ ದೀಪವಾರಿದ ರಾತ್ರಿ ಬಂಡೆಗೆ ತಾಗುವ ದೋಣಿಗಳು ಅವನ ಮಕ್ಕಳವೇ ಆಗಿರಬಹುದು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ದೇವರಿಗೆ ಒಪ್ಪಿಸುವುದೆಂದರೆ ಕೈಕಟ್ಟಿ ಕೂತುಕೊಳ್ಳುವುದಲ್ಲ. ೧೯೫೩ರಲ್ಲಿ ವೈದ್ಯ ಕಾಲೇಜು ಸ್ಥಾಪಿತವಾದಂದಿನಿಂದ ಮಣಿಪಾಲವು ದೂರದೂರದ ರೋಗಿಗಳಿಗೆ ಆಶ್ರಯವಾಗಿದೆ. ಅಲ್ಲಿಯ ಆಸ್ಪತ್ರೆಯ ಹೊರಗೆ ರಾತ್ರಿಯೆಲ್ಲಾ ಎಚ್ಚರಿರುವ ಬಂಧುಗಳ ಮುಖಗಳನ್ನು ನೋಡಿದರೆ, ನಿನ್ನ ಚಿತ್ತವೇ ಆಗಲಿ ಎಂಬ ಪ್ರಾರ್ಥನೆಯು ಎಷ್ಟು ಭಾರವಾದದ್ದೆಂದು ಗೊತ್ತಾಗುವುದು. ಹಾಗೆ ಪ್ರಾರ್ಥಿಸುವ ತಾಯಿಯು ಔಷಧವನ್ನು ತರಲು ಮರೆಯುವುದಿಲ್ಲ. ವೈದ್ಯನನ್ನು ಕರೆಯದೆ ಇರುವುದೂ ಇಲ್ಲ. ಗೆತ್ಸೇಮನೆಯ ತೋಟದಲ್ಲಿ ಕರ್ತನು ಸಹ ತನ್ನ ದುಃಖವನ್ನು ಬಚ್ಚಿಡಲಿಲ್ಲ. ಆ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿದ ಮೇಲೆಯೇ ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಬೇಡುವುದೂ ಸಮರ್ಪಣೆಯ ಒಂದು ಅಂಗವೇ. ಉಡುಪಿಯಲ್ಲಿ ೧೯೨೩ರಲ್ಲಿ ಸ್ವಿಟ್ಸರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡರು ಆರಂಭಿಸಿದ ಮಿಶನ್ ಆಸ್ಪತ್ರೆಯು ೨೦೨೩ರಲ್ಲಿ ನೂರು ವರ್ಷಗಳನ್ನು ಪೂರೈಸಿತು. ತನ್ನನ್ನು ದೇವರಿಗೆ ಕೊಟ್ಟ ಮನಸ್ಸು ಬಾಣಂತಿಯ ಹಾಸಿಗೆಯ ಬಳಿಯಲ್ಲಿ ಕೈಯಾಗಿ ದುಡಿಯುವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಡ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೂರು ಸಂಗತಿಗಳನ್ನು ಸೂಚಿಸುವೆವು. ಮೊದಲನೆಯದು, ಎದ್ದೊಡನೆ ವರ್ತಮಾನ ಪತ್ರಿಕೆಗಾಗಲಿ ಮೊಬೈಲಿಗಾಗಲಿ ಕೈಚಾಚುವುದಕ್ಕೆ ಮುಂಚೆ ಆ ದಿನವನ್ನು ಹೆಸರುಹಿಡಿದು ದೇವರಿಗೆ ಕೊಡಬೇಕು. ಎಲ್ಲವನ್ನೂ ಕೊಟ್ಟೆನೆಂದು ಸಾಧಾರಣವಾಗಿ ಹೇಳುವುದು ಸುಲಭ; ಈ ಹೊತ್ತಿನ ಸಾಲಗಾರನನ್ನು, ಈ ಹೊತ್ತಿನ ಕಾಯಿಲೆಯನ್ನು, ಈ ಹೊತ್ತು ಎದುರಾಗುವ ಆ ಒಬ್ಬ ಮನುಷ್ಯನನ್ನು ಕೊಡುವುದೇ ಕೊಡುವುದು. ಎರಡನೆಯದು, ನಡುಹಗಲಲ್ಲಿ ಒಂದು ಕ್ಷಣ ನಿಂತು, ಬೆಳಿಗ್ಗೆ ಇಟ್ಟ ನಿಕ್ಷೇಪವು ಎಲ್ಲಿದೆಯೆಂದು ನೋಡಬೇಕು. ಹಿಂದಕ್ಕೆ ತಂದುಕೊಂಡಿದ್ದರೆ ಅಳದೆ, ತಡಮಾಡದೆ ಮತ್ತೆ ಒಪ್ಪಿಸಬೇಕು. ಮೂರನೆಯದು, ಮಲಗುವುದಕ್ಕೆ ಮುಂಚೆ ಮನೆಯವರಲ್ಲಿ ಯಾರೊಡನೆ ಮಾತು ಮುರಿದಿದೆಯೋ ಅವರೊಡನೆ ಒಂದು ಮಾತನ್ನಾದರೂ ಆಡಬೇಕು. ಇವಕ್ಕೆ ವಿದ್ಯೆಯೂ ಬೇಡ, ಹಣವೂ ಬೇಡ.

ಫಲವು ಕೂಡಲೆ ಕಾಣಿಸದು. ಅಕ್ಷರವನ್ನು ಕಲಿಯುವ ಮಗುವು ಸ್ಲೇಟನ್ನು ದಿನವೂ ಒರಸಿ ದಿನವೂ ಬರೆಯುತ್ತದೆ. ಯಾವ ದಿನದ ಬರಹವೂ ಉಳಿಯುವುದಿಲ್ಲ. ಆದರೂ ವರ್ಷಾಂತ್ಯಕ್ಕೆ ಕೈಯು ತಿದ್ದಿಕೊಂಡಿರುತ್ತದೆ. ಮನಸ್ಸಿನ ನವೀಕರಣವೂ ಹೀಗೆಯೇ ನಡೆಯುವುದು. ಮೊದಲು ಅದನ್ನು ಗುರುತಿಸುವವರು ನಾವಲ್ಲ, ನಮ್ಮೊಡನೆ ಬಾಳುವವರು. ಅಪ್ಪನು ಮೊದಲಿನಂತೆ ಸಿಡುಕುವುದಿಲ್ಲವೆಂದು ಅಡಿಗೆಯ ಮನೆಯಲ್ಲಿ ಮಕ್ಕಳು ಪಿಸುಗುಟ್ಟಿದರೆ, ಆ ಮನೆಯಲ್ಲಿ ದೇವರ ಕೆಲಸವು ನಡೆಯುತ್ತಿದೆಯೆಂದು ತಿಳಿಯಬಹುದು.